ಶಾಂತಲಾ ಮೇಡಂ ಬರೆಸಿದ ನೋಟ್‌ಬುಕ್

21 ಆಗಸ್ಟ್ 2003, ಗುರುವಾರ. ಬಿಟಿಎಂ ಲೇಔಟ್, ಬೆಂಗಳೂರು.

ಬೆಳಿಗ್ಗೆ ನಮ್ಮ ಲ್ಯಾಬಿನ ಸರ್ವರ್ ಕೆಟ್ಟು ಕೂತಿತು. ರೋಗಿಗಳ ರಿಪೋರ್ಟೆಲ್ಲ ಅದರಲ್ಲೇ. ಬ್ಯಾಕಪ್ ಟೇಪ್ ಏನೋ ಇತ್ತು. ಅದರಿಂದ ಡೇಟಾ ವಾಪಸ್ ತರುವ ಕ್ರಮವನ್ನು ನಾನು ಟೈಪ್ ಮಾಡಿಟ್ಟಿದ್ದು ಅದೇ ಸರ್ವರ್‌ನಲ್ಲಿ! ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

"ನೋಟ್‌ಬುಕ್ ಎಲ್ರೀ ಮೌನೇಶ್?" ಎಂದರು ನಮ್ಮ ಸೀನಿಯರ್ ಶಾಂತಲಾ ಮೇಡಂ. ನನಗೆ ಕೆಲಸ ಕಲಿಸುವಾಗ ಪ್ರತಿ ಶನಿವಾರ ಹಳೇ ಪಿಸಿಯಲ್ಲಿ ಡೇಟಾ ಅಳಿಸಿ, ವಾಪಸ್ ತರಿಸಿ, ಒಂದೊಂದು ಹೆಜ್ಜೆಯನ್ನೂ ಕೈಯಲ್ಲೇ ಬರೆಸಿದ್ದರು. ಆಗ ಎಷ್ಟು ಬೈದುಕೊಂಡಿದ್ದೆ! ಇವತ್ತು ಅದೇ ನೋಟ್‌ಬುಕ್ ನೋಡಿಕೊಂಡು, ಅದೇ ಪಿಸಿಯಲ್ಲಿ ಟೇಪಿನಿಂದ ಡೇಟಾ ವಾಪಸ್ ತಂದೆ. ಮಧ್ಯಾಹ್ನ ಮೂರು ಗಂಟೆಗೆ ಮೊದಲ ರಿಪೋರ್ಟ್ ತೆರೆದುಕೊಂಡಾಗ ಅಳುವೇ ಬಂತು.

"ಹೋಗ್ರೀ, ಊಟ ಮಾಡ್ಕೊಂಡ್ ಬನ್ನಿ" ಎಂದರು ಮೇಡಂ, ಅಷ್ಟೇ.

ನಾಳೆ ಮಡಿವಾಳದಲ್ಲಿ ಆ ನೋಟ್‌ಬುಕ್ ಜೆರಾಕ್ಸ್ ಮಾಡಿಸಬೇಕು. ಇರುವುದು ಒಂದೇ ಪ್ರತಿ. ಅದರ ಮೇಲೇ ಚಹಾ ಲೋಟ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.