ಅಕ್ಕನ ಬಲಗೈ

ಮನೆಯಿಂದ,
ಹದಿನೇಳನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೈ ಹೇಗಿದೆ? ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ ಎಂದು ಬರೆದಿದ್ದೆ. ಮುಲಾಮು ಹಚ್ಚಿ, ಬಟ್ಟೆ ಸುತ್ತಿಕೊಂಡು ಮಲಗು. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಮಂಚದ ತುಂಬ ನನ್ನ ಕಾರ್ಮಿಕ ಕಾನೂನಿನ ಪುಸ್ತಿಕೆಗಳನ್ನು ಹರಡಿದ್ದೇನೆಂದು, "ಅವಳು ಬಂದ್ರೆ ಇದರ ಮೇಲೆ ಮಲಗಬೇಕಾ?" ಎಂದು ದಿನಾ ಗೊಣಗುತ್ತಾಳೆ. ನೀನು ಬರುತ್ತೀಯೆಂಬ ಮಾತನ್ನು ಅವಳು ಇನ್ನೂ ಬಿಟ್ಟಿಲ್ಲ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಸಿಟ್ಟಿನಿಂದಲೇ ಉತ್ತರ ಬರೆಯಲಿಲ್ಲ. ಹೊಸ ಲಾಂಡ್ರಿಯಲ್ಲಿ ಕೈಯ ಕಲೆ ನೋಡಿ ಕೇಳಿದಾಗ "ಮನೆಯಲ್ಲಿ ಬಿಸಿನೀರು ಚೆಲ್ಲಿತು" ಎಂದೆಯಂತೆ. ಓದಿ ಮೈಯೆಲ್ಲ ಉರಿದುಹೋಯಿತು. ಚಾದರ ಇಸ್ತ್ರಿ ಮಾಡುವ ಆ ಕಾದ ಉರುಳೆ ನಿನ್ನ ಬಲಗೈಯನ್ನು ಎಳೆದುಕೊಂಡದ್ದನ್ನು, ಅದನ್ನು ನಿಲ್ಲಿಸುವ ಗುಂಡಿ ಎರಡು ತಿಂಗಳಿಂದ ಕೆಟ್ಟು ಕೂತಿದ್ದನ್ನು ಪರಿಹಾರಕ್ಕಾಗಿ ಒಂಬತ್ತು ಪುಟದ ಅರ್ಜಿ ಬರೆದು ಸಾಬೀತು ಮಾಡಿದವಳು ನಾನು. ನೀನು ಬೇಡವೆಂದೇ ಹೇಳಿದ್ದೆ. "ಸುಮ್ನಿರೇ, ನಾಳೆ ಇನ್ನೊಂದು ಕಡೆ ಕೆಲಸ ಕೇಳ್ಬೇಕು" ಎಂದೆ. ನಾನು ಪುಕ್ಕಲಿ ಎಂದು ಬೈದು, ನಿನ್ನ ಎಡಗೈಗೆ ಪೆನ್ನು ತುರುಕಿ ಸಹಿ ಹಾಕಿಸಿದೆ. ಪರಿಹಾರ ಮಂಜೂರಾದ ದಿನ ಇಡೀ ಬೀದಿಗೆ ಕೇಳುವಂತೆ ಕೂಗಾಡಿದವಳೂ ನಾನೇ.

ಆಮೇಲೆ ಆದದ್ದನ್ನು ನಾನು ಯಾವ ಪುಸ್ತಿಕೆಯಲ್ಲೂ ಓದಿರಲಿಲ್ಲ. ಹೋಟೆಲಿನ ಲಾಂಡ್ರಿಯವರು ನೀನು ಚಾದರ ಮಡಿಸಿದ ರೀತಿಗೆ ತಲೆದೂಗಿ, ನಾಳೆಯೇ ಬಾ ಎಂದರು. ಸಂಜೆ ನಿನ್ನ ಹಳೇ ಮೇಲ್ವಿಚಾರಕನಿಗೆ ಫೋನ್ ಮಾಡಿದರು. "ಓ, ಆ ಅರ್ಜಿಯಮ್ಮನಾ? ಕೈ ಚುರುಕು. ಕೋರ್ಟು ಕಚೇರಿ ಅಂದ್ರೆ ಇನ್ನೂ ಚುರುಕು" ಎಂದನಂತೆ. ಅಲ್ಲಿಗೆ ಮುಗಿಯಿತು. ಆಸ್ಪತ್ರೆಯ ಲಾಂಡ್ರಿಯಲ್ಲೂ ಅದೇ ಕಥೆ. ಮೂರನೆಯ ಕಡೆ ನಾನೇ ನಿನ್ನ ಜೊತೆ ಬಂದು, ಪರಿಹಾರ ಕೇಳಿದವರನ್ನು ಕೆಲಸದಿಂದ ದೂರವಿಡಬಾರದು ಎಂಬ ಪುಟವನ್ನು ಗಟ್ಟಿಯಾಗಿ ಓದಿದೆನಲ್ಲ, ಆ ಯಜಮಾನ ಕೊನೆಯವರೆಗೂ ತಾಳ್ಮೆಯಿಂದ ಕೇಳಿಸಿಕೊಂಡ. "ಕಾನೂನು ಸರಿಯಾಗೇ ಇದೆ ಕಣಮ್ಮ. ಕೆಲಸ ಖಾಲಿ ಇಲ್ಲ, ಅಷ್ಟೇ" ಎಂದ. ಬಾಗಿಲಲ್ಲಿ 'ಕೆಲಸಕ್ಕೆ ಬೇಕಾಗಿದ್ದಾರೆ' ಎಂಬ ಬೋರ್ಡು ತೂಗುತ್ತಲೇ ಇತ್ತು. ಆಮೇಲೆ ನಿನ್ನ ಅರ್ಜಿಯ ಸುದ್ದಿ ತಲುಪದ ಊರಿಗೆ ಕೆಲಸ ಹುಡುಕಿಕೊಂಡು ನೀನು ಹೊರಟೆ.

ಮೊನ್ನೆ ನಿನ್ನ ಹಳೇ ಲಾಂಡ್ರಿಯ ಕಿಟಕಿಯಲ್ಲಿ ಇಣುಕಿದೆ. ಉರುಳೆಗೆ ಅಡ್ಡವಾಗಿ ಕಬ್ಬಿಣದ ಕಂಬಿ ಹಾಕಿದ್ದಾರೆ, ಕೆಂಪು ಗುಂಡಿಯೂ ಹೊಸದು. ನಿನ್ನ ಜಾಗದಲ್ಲಿದ್ದಾಕೆ ಏನೋ ಗುನುಗಿಕೊಂಡು ಚಾದರ ಒಳಗೆ ಬಿಡುತ್ತಿದ್ದಳು. ಆ ಕಂಬಿ ಯಾರ ಕೈಯಿಂದ ಬಂತೆಂದು ಆಕೆಗೆ ಗೊತ್ತಿಲ್ಲ. ಅರ್ಜಿ ಹಾಕಿದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ, ಅಕ್ಕಾ. ಆದರೆ ಬರೆದವಳು ನಾನು, ಊರು ಬಿಟ್ಟವಳು ನೀನು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ಒದ್ದೆ ಬಟ್ಟೆಯ ಬುಟ್ಟಿಯನ್ನು ಒಬ್ಬಳೇ ಎತ್ತಬಾರದಂತೆ.

ನೀನೇ ಹೆಸರಿಟ್ಟು ಗೇಲಿ ಮಾಡುತ್ತಿದ್ದ,
ನಿನ್ನ 'ಕರಪತ್ರ'

ತಾ.ಕ.: ಟಪಾಲು ಪೆಟ್ಟಿಗೆ ತೆಗೆಯುವ ಹೊತ್ತಾಯಿತು. ನಿನ್ನ ಹೊಸ ಮೇಲ್ವಿಚಾರಕಿ ನಿನ್ನೆ ಎದುರುಮನೆ ದರ್ಜಿಯ ಅಂಗಡಿಗೆ ಫೋನ್ ಮಾಡಿ ನನ್ನನ್ನು ಕರೆಸಿದ್ದರು. ನಿಮ್ಮಲ್ಲಿ ಫೋನ್ ಇರುವುದು ಅವರ ಮೇಜಿನ ಮೇಲೇ, ಅವರ ಕಿವಿಗೆ ಬೀಳದಂತೆ ಇದನ್ನು ನಿನಗೆ ಹೇಳುವಂತಿಲ್ಲ, ಅದಕ್ಕೇ ಈ ಕಾಗದ. ನಿನ್ನ ಕೈ ಹೇಗೆ ಸುಟ್ಟಿತೆಂದು ಕೇಳಿದರು. ಒಲೆಯಿಂದ ಪಾತ್ರೆ ಇಳಿಸುವಾಗ ನಾನು ಕೈಜಾರಿ ಬಿಟ್ಟೆ, ಬಿಸಿನೀರು ಅಕ್ಕನ ಕೈ ಮೇಲೆ ಬಿತ್ತು, ತಪ್ಪೆಲ್ಲ ನನ್ನದೇ ಎಂದೆ. ಹೇಳುತ್ತ ಹೇಳುತ್ತ ಅಳು ಬಂತು. ಅದಕ್ಕೇ ನಂಬಿದರೆಂದು ಕಾಣುತ್ತದೆ. ನಿನ್ನನ್ನು ಕೇಳಿದರೂ ಹಾಗೇ ಹೇಳು. ಚೆಲ್ಲಿದವಳು ತಂಗಿ.