ಮೊಣಕಾಲು ನೋವಿನ ಅಣ್ಣನಿಗೆ

ಭಾಷಾ ಶಾಲೆಯ ಹಿಂದಿನ ಬೀದಿ,
ಮೂರನೆಯ ಮಹಡಿ, ಕಿಟಕಿ ಪಕ್ಕದ ಮೇಜು
ತಾರೀಖು ಹದಿನಾರು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಇಗೋ, ಸಪ್ತಸಾಗರ ದಾಟಿ ಬಂದು ಕೂತಿರುವ ನಿನ್ನ ತಮ್ಮನ ಸಾಷ್ಟಾಂಗ ನಮಸ್ಕಾರ! ಮೊದಲು ಆರೋಗ್ಯದ ವಿಚಾರ. ಮೊಣಕಾಲು ಹೇಗಿದೆ? ಎಡಗಾಲೋ, ಬಲಗಾಲೋ? ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನನ್ನು ಬೀಳ್ಕೊಡುವಾಗ ಎಡಗಾಲು ಎಳೆಯುತ್ತಿದ್ದೆ. ನಾನು ಒಳಗೆ ಹೋಗಿ ಗಾಜಿನಾಚೆಯಿಂದ ತಿರುಗಿ ನೋಡುತ್ತೇನೆ, ಬಲಗಾಲು ಎಳೆಯುತ್ತಿದ್ದೆ! ನೋವು ಅಷ್ಟು ಬೇಗ ಮನೆ ಬದಲಾಯಿಸುವುದನ್ನು ನಾನು ಯಾವ ವೈದ್ಯರ ಬಾಯಲ್ಲೂ ಕೇಳಿಲ್ಲ. ಇರಲಿ. ಅತ್ತಿಗೆಯ ಕೆಮ್ಮು ಕಡಿಮೆಯಾಯಿತೇ? ಸೈಕಲ್ ಅಂಗಡಿ ಮೇಲೆ ನೀನು ಇಲ್ಲಿಯ ಭಾಷೆ ಕಲಿಸುವ ಸಂಜೆ ಕ್ಲಾಸಿನಲ್ಲಿ ಉಳಿದವರು ಸರಿಯಾಗಿ ಬರುತ್ತಿದ್ದಾರೆಯೇ, ಅಥವಾ ನಾವಿಲ್ಲವೆಂದು ಅವರಿಗೂ ಮೊಣಕಾಲು ನೋವು ಬಂದಿದೆಯೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕಿ ಮಾತು ತಿರುಗಿಸುತ್ತೀಯ. ಕಾಗದ ಹಾಗಲ್ಲ, ಕೊನೆಯವರೆಗೆ ಓದಲೇಬೇಕು. ಆದ್ದರಿಂದ ಕುರ್ಚಿಯಲ್ಲಿ ಕೂತುಕೋ, ಕನ್ನಡಕ ಹಾಕಿಕೋ. ಪರದೆ ಏಳುತ್ತಿದೆ!

ಮೂರು ವಾರದ ಪ್ರವಾಸ, ಹನ್ನೆರಡು ಮಂದಿ ವಿದ್ಯಾರ್ಥಿಗಳು, ಮುಂದಾಳು ನೀನು ಎಂದು ಆರು ತಿಂಗಳಿನಿಂದ ತೀರ್ಮಾನವಾಗಿತ್ತಲ್ಲವೇ? ಹೊರಡಲು ನಾಲ್ಕು ದಿನವಿರುವಾಗ ನೀನು ಹಾಜರಿ ಪುಸ್ತಕ ತಂದು ಕೊನೆಯ ಬೆಂಚಿನ ನನ್ನ ಮುಂದೆ ಇಟ್ಟು, 'ಗುಡುಗೂ, ನೀನೇ ನೋಡ್ಕೋ' ಎಂದೆ. ಮುಂದಿನ ಬೆಂಚಿನ ಔಷಧಿ ಅಂಗಡಿಯವರು ಆಗ ಹೇಳಿದ್ದು ನೆನಪಿದೆಯೇ? 'ಮೇಷ್ಟ್ರೇ, ಸಿಂಹಾಸನ ಖಾಲಿ ಇದೆ ಅಂತ ದ್ವಾರಪಾಲಕನ್ನ ತಂದು ಕೂರಿಸ್ತೀರಾ?' ಎಲ್ಲರೂ ನಕ್ಕರು, ನಾನಂತೂ ಛಾವಣಿ ಹಾರುವಂತೆ ನಕ್ಕೆ. ನೀನೊಬ್ಬ ನಗಲಿಲ್ಲ. ಅದನ್ನು ಆಗಲೇ ಗಮನಿಸಿದ್ದೆ.

ಈಗ ಮೊದಲನೆಯ ಅಂಕ. ಬಂದ ಮಾರನೆಯ ಬೆಳಿಗ್ಗೆ ಬೀದಿ ಮೂಲೆಯ ಬ್ರೆಡ್ಡಿನ ಅಂಗಡಿಗೆ ನಾನು, ಔಷಧಿ ಅಂಗಡಿಯವರು, ನರ್ಸಮ್ಮ, ಮೂವರೂ ಹೋದೆವು. ಭಯವೇನು? ನಿನ್ನ ಕೈಬರಹದ ಪುಸ್ತಕದ ಎಂಟನೆಯ ಪಾಠವೇ 'ಬ್ರೆಡ್ಡಿನ ಅಂಗಡಿಯಲ್ಲಿ'! ನಮ್ಮ ಕ್ಲಾಸಿನ ಪದ್ಧತಿಯೂ ನಿನ್ನದೇ, ಅಪ್ಪನ ನಾಟಕ ಕಂಪನಿಯಿಂದ ತಂದದ್ದು: ಇಬ್ಬರ ಸಂಭಾಷಣೆ ಇದ್ದರೆ ಇಬ್ಬರ ಪಾತ್ರವನ್ನೂ ಪ್ರತಿಯೊಬ್ಬರೂ ಬಾಯಿಪಾಠ ಮಾಡಬೇಕು. 'ಎದುರಿನವನ ಮಾತು ಗೊತ್ತಿಲ್ದಿದ್ರೆ ನಿನ್ ಮಾತು ಎಲ್ಲಿ ಶುರು ಅಂತ ಹೇಗೋ ಗೊತ್ತಾಗುತ್ತೆ?' ಎಂದು ಎಷ್ಟು ಸಲ ಗದರಿದ್ದೀಯ! ಸರಿ, ನಾನು ಎದೆಯುಬ್ಬಿಸಿ ಪ್ರವೇಶ ಮಾಡಿದೆ. 'ಶುಭೋದಯ! ಇಂದು ಬೆಳಗಿನಲ್ಲೇ ಬೇಯಿಸಿದ ಬ್ರೆಡ್ಡು ತಮ್ಮಲ್ಲಿ ದೊರೆಯುವುದೇ?' ಕಪಾಟಿನ ಗಾಜು ನಡುಗಿತು. ಪುಸ್ತಕದ ಪ್ರಕಾರ ಅಂಗಡಿಯಾಕೆ 'ದೊರೆಯುವುದು ಮಹನೀಯರೇ, ದಯಮಾಡಿಸಿ' ಅನ್ನಬೇಕು. ಆದರೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಆಕೆ ಒಂದೇ ಉಸಿರಿನಲ್ಲಿ ಬೇರೇನನ್ನೋ ಅಂದಳು. ಒಂದಕ್ಷರ ತಿಳಿಯಲಿಲ್ಲ ಅಣ್ಣಾ! ಹಿಂದೆ ಏಳು ಜನರ ಸಾಲು. ಎದುರಿನ ನಟ ರಂಗದ ಮೇಲೆ ಮಾತು ಮರೆತರೆ ಕಂಪನಿಯವರಾದ ನಾವು ಏನು ಮಾಡುತ್ತೇವೆ? ಅವನ ಮಾತನ್ನೂ ನಾವೇ ಆಡಿ ದೃಶ್ಯ ಉಳಿಸುತ್ತೇವೆ. ಉಳಿಸಿದೆ! ಕತ್ತು ಎಡಕ್ಕೆ ತಿರುಗಿಸಿ, ದನಿ ಸಣ್ಣ ಮಾಡಿ 'ದೊರೆಯುವುದು ಮಹನೀಯರೇ' ಅಂದೆ. ಬಲಕ್ಕೆ ತಿರುಗಿ 'ಹಾಗಾದರೆ ಎರಡು ಕೊಡುವಂಥವರಾಗಿ' ಅಂದೆ. ಹಿಂದಿದ್ದ ಇಬ್ಬರೂ ಕ್ಲಾಸಿನ ಅಭ್ಯಾಸಬಲದಿಂದ ದನಿಗೂಡಿಸಿಬಿಟ್ಟರು. ಮೂವರೂ ಮೇಳದಲ್ಲಿ ಎಂಟನೆಯ ಪಾಠವನ್ನು 'ಮತ್ತೆ ಭೇಟಿಯಾಗೋಣ' ಎಂಬಲ್ಲಿಯವರೆಗೆ ಮುಗಿಸಿದೆವು. ಏಳೂ ಜನ ಚಪ್ಪಾಳೆ ತಟ್ಟಿದರು! ಆಕೆ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕು, ಮುಖವೆಲ್ಲ ಬೆಳ್ಳಗೆ ಮಾಡಿಕೊಂಡಳು. ಮೊದಲು ಆಕೆ ಹೇಳಿದ್ದೇನೆಂದು ತಿಳಿದದ್ದು ಮೂರು ದಿನದ ಮೇಲೆ: 'ಬಾಗ್ಲು ಹಾಕ್ರಪ್ಪಾ, ಚಳಿ ಬರ್ತಿದೆ!'

ಈ ಪ್ರಸಂಗವನ್ನು ನಮ್ಮ ಮನೆಯೊಡತಿಗೆ ಅಭಿನಯಿಸಿ ತೋರಿಸಿದೆ. ಆಕೆ ಬಹಳ ವರ್ಷ ಬಸ್ಸು ಓಡಿಸಿ ನಿವೃತ್ತಳಾದವಳು. ಈಗಲೂ ಯಾರಾದರೂ ಮೇಜಿಗೆ ತಡವಾಗಿ ಬಂದರೆ ಗಡಿಯಾರ ನೋಡುತ್ತಾಳೆ. ಚೆನ್ನಾಗಿ ನಕ್ಕು, ಆಮೇಲೆ ಒಂದು ಮಾತು ಹೇಳಿದಳು: 'ನಿನ್ ಮಾತು ಚೆನ್ನಾಗಿದೆ ಕಣಪ್ಪಾ. ಆದ್ರೆ ನೀನು ನನ್ ಮಾತು ಕೇಳ್ತಾ ಇಲ್ಲ. ಅದು ಯಾವಾಗ ಮುಗಿಯುತ್ತೆ ಅಂತ ಕಾಯ್ತಾ ಇದ್ದೀಯ.' ಬಾಣ ನೆಟ್ಟಂತಾಯಿತು. ಎಂಥ ದೊಡ್ಡ ನಟನಿಗೂ ಯಾರೂ ಹೀಗೆ ಮುಖಕ್ಕೆ ಹೇಳಿರಲಾರರು. ಮಾರನೆಯ ದಿನವೇ ಆಕೆ ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು, ಸೋರುವ ಅಡುಗೆಮನೆ ನಲ್ಲಿಗೆ ವಾಷರ್ ತಾ ಎಂದು ಅಟ್ಟಿದಳು. ವಾಷರಿಗೆ ನಿನ್ನ ಪುಸ್ತಕದಲ್ಲಿ ಪಾಠವಿಲ್ಲ! ಹಾರ್ಡ್‌ವೇರ್ ಅಂಗಡಿಯಲ್ಲಿ ನಾನೇ ನಲ್ಲಿಯಾದೆ, ನಾನೇ ನೀರಾದೆ, ತೊಟ್ಟಿಕ್ಕಿದೆ. ಅಂಗಡಿಯವನು ನಗುತ್ತ ಒಂದು ಕೊಟ್ಟ. ಮನೆಗೆ ತಂದರೆ ಅಳತೆ ತಪ್ಪು. ತಿರುಗಿ ಹೋದೆ. ಅವನು 'ನೀವು ಕೇಳಿದ್ದೇ ಇದು' ಅಂದ. ನಾನು 'ಇದಲ್ಲ' ಅಂದೆ. ಅವನು 'ಇದೇ' ಅಂದ. 'ಅಲ್ಲವೇ ಅಲ್ಲ, ಬೇಕಾದರೆ ನಡಿ, ನಲ್ಲಿಯನ್ನೇ ಕೇಳೋಣ' ಅಂದೆ. ಅಣ್ಣಾ, ಕಿವಿಗೊಟ್ಟು ಕೇಳು: ನಾನು ಈ ಭಾಷೆಯಲ್ಲಿ ಜಗಳವಾಡಿದೆ! ಕೊನೆಗೂ ಗೆದ್ದು ತಂದ ಸರಿ ಅಳತೆಯ ಸಣ್ಣ ವಾಷರನ್ನು ವಿಜಯಪತಾಕೆಯಂತೆ ಎತ್ತಿ ಹಿಡಿದು ಅರವತ್ತೆರಡು ಮೆಟ್ಟಿಲು ಹತ್ತುವಾಗ ಹೊಳೆಯಿತು, ಇಡೀ ಜಗಳದಲ್ಲಿ ಒಂದು ಮಾತನ್ನೂ ಕನ್ನಡದಲ್ಲಿ ಯೋಚಿಸಿರಲಿಲ್ಲ. ನಾಲ್ಕು ವರ್ಷ ಕ್ಲಾಸಿನಲ್ಲಿ ಆಗದ್ದು ಎಂಟು ದಿನದಲ್ಲಿ ಆಯಿತು. ಹಾಗೆಂದು ಬೀಗುವಂತಿಲ್ಲ. ಜಗಳಕ್ಕೆ ಬಳಸಿದ ಒಂದೊಂದು ಪದವನ್ನೂ ಆ ನಾಲ್ಕು ವರ್ಷ ನೀನೇ ತಲೆಗೆ ತುಂಬಿದ್ದೆ. ಅವು ಒಳಗೇ ಮುದುಡಿ ಕೂತಿದ್ದವು, ಇಲ್ಲಿಯ ಗಾಳಿ ತಾಗಿದ ಕೂಡಲೇ ಎದ್ದು ನಿಂತವು.

ಈಗ ದನಿ ಸ್ವಲ್ಪ ಇಳಿಸುತ್ತೇನೆ. ನಿನಗೆ ಹದಿನಾಲ್ಕು, ನನಗೆ ಒಂಬತ್ತು. ಅಪ್ಪ ಸಿಂಹಾಸನದ ಮೇಲೆ, ನೀನು ಸೈನಿಕ, ಇದ್ದದ್ದು ಒಂದೇ ಮಾತು. 'ಮಹಾಪ್ರಭೂ, ಶತ್ರುಗಳು ಕೋಟೆಯ ಬಾಗಿಲಲ್ಲಿದ್ದಾರೆ!' ನೀನು ಭರ್ಜಿ ಹಿಡಿದು ನಿಂತೆ. ಮಾತು ಹೊರಡಲಿಲ್ಲ. ಅಪ್ಪ ಕಾದರು, ಶತ್ರುಗಳೂ ಕಾದರು. ಕುಂಟುತ್ತ ಒಳಗೆ ಬಂದವನು 'ಮೊಣಕಾಲು ನೋಯ್ತಿತ್ತು ಅಪ್ಪಾ' ಅಂದೆ. ಅವತ್ತಿನಿಂದ ನೀನು ಪರದೆಯ ಹಿಂದೆ ನಿಂತು ನಟರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ಆದೆ. ಎಲ್ಲ ನಾಟಕವೂ ನಿನ್ನ ಬಾಯಲ್ಲಿ, ಒಂದೂ ರಂಗದ ಮೇಲಿಲ್ಲ. ಆಮೇಲೆ ಈ ಭಾಷೆ, ಇಪ್ಪತ್ತಾರು ವರ್ಷದ ಕ್ಲಾಸು. ನನ್ನ ಮೇಲೆ ಸಿಟ್ಟಾಗಬೇಡ, ಹೊರಡುವ ಹಿಂದಿನ ದಿನ ಹಾಜರಿ ಪುಸ್ತಕದ ಬಗ್ಗೆ ಏನೋ ಕೇಳಲು ನಿಮ್ಮ ಮನೆಗೆ ಬಂದಿದ್ದೆ. ನೀನು ಅಡುಗೆಮನೆಯಲ್ಲಿ ಅತ್ತಿಗೆಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. 'ಅಲ್ಲಿ ನಾನು ಬಾಯಿ ಬಿಟ್ಟು ಯಾರ್ಗೂ ಅರ್ಥ ಆಗ್ದೇ ಹೋದ್ರೆ? ಇಷ್ಟು ವರ್ಷ ಏನು ಕಲಿಸ್ದೆ ಅಂತ ಆಗಲ್ವಾ?' ಬಾಗಿಲು ತಟ್ಟದೆ ಹಿಂದಿರುಗಿದೆ.

ತೀರ್ಪು ಕೇಳು. ಮೊನ್ನೆ ಭಾನುವಾರ ಮನೆಯೊಡತಿ ನಿನ್ನ ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟು ಗಟ್ಟಿಯಾಗಿ ಓದಿದಳು. ಎಂಟನೆಯ ಪಾಠಕ್ಕೆ ಬಿದ್ದುಬಿದ್ದು ನಕ್ಕಳು. ಹತ್ತೊಂಬತ್ತನೆಯದು, 'ಬಸ್ಸಿನಲ್ಲಿ'. ಅದರಲ್ಲಿ ಚಾಲಕ ಹೊಸ ಪ್ರಯಾಣಿಕನಿಗೆ ಹೇಳುತ್ತಾನಲ್ಲ, 'ತಾವು ಇಳಿಯುವ ಸ್ಥಳ ಬಂದಾಗ ನಾನೇ ಕೂಗುವೆನು, ನಿಶ್ಚಿಂತರಾಗಿ ಕುಳಿತುಕೊಳ್ಳಿ' ಎಂದು. ಅಲ್ಲಿಗೆ ಬಂದು ನಿಂತಳು. ಇನ್ನೊಮ್ಮೆ ಓದಿದಳು. 'ನಮ್ಮಮ್ಮ ಹೀಗೇ ಮಾತಾಡ್ತಿದ್ಲು. ಈಗ ಯಾರೂ ಇಷ್ಟು ಮರ್ಯಾದೆಯಿಂದ ಮಾತಾಡಲ್ಲ. ಅಷ್ಟು ವರ್ಷ ಬಸ್ಸು ಓಡಿಸ್ದೆ, ಈ ಮಾತು ಒಬ್ರಿಗೂ ಹೇಳ್ಲಿಲ್ವಲ್ಲ ನಾನು' ಅಂದಳು. ಆಮೇಲೆ, 'ಇದನ್ನ ಬರೆದೋನು ಯಾಕೆ ಬರ್ಲಿಲ್ಲ?' 'ಮೊಣಕಾಲು ನೋವು' ಅಂದೆ. 'ಯಾವ ಕಾಲು?' ಅಂದಳು. ನಾನೇನು ಹೇಳಲಿ ಅಣ್ಣಾ! 'ಒಂದೊಂದ್ಸಲ ಒಂದೊಂದು' ಅಂದೆ. ಆಕೆಗೆ ಎಲ್ಲ ಅರ್ಥವಾಯಿತು.

ನಿನ್ನ ಮಾತು ಇಲ್ಲಿ ಹಳೆಯದು, ಒಪ್ಪುತ್ತೇನೆ. ಆದರೆ ಅರ್ಥವಾಗದ್ದಲ್ಲ. ಅದಕ್ಕೆ ಒಂದಿಷ್ಟು ಬೀದಿಯ ಧೂಳು ಮೆತ್ತಬೇಕು, ಅಷ್ಟೇ. ಅತ್ತಿಗೆಗೆ ನಮಸ್ಕಾರ, ಕ್ಲಾಸಿನ ಎಲ್ಲರಿಗೂ ನನ್ನ ಗರ್ಜನೆ. ನಿನ್ನ ಎರಡೂ ಪಾದಗಳಿಗೆ, ದಾರಿಯಲ್ಲಿ ಸಿಗುವ ಎರಡೂ ಮೊಣಕಾಲುಗಳಿಗೆ, ತಲೆಬಾಗಿ,

ನಿನ್ನ ಕೊನೆಯ ಬೆಂಚಿನ ತಮ್ಮ,
ಗುಡುಗು

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಮ್ಮ ಕ್ಲಾಸಿನ ಎರಡನೆಯ ತಂಡ ಮುಂದಿನ ತಿಂಗಳ ಇಪ್ಪತ್ತೆಂಟಕ್ಕೆ ಹೊರಡುತ್ತದೆ, ಮುಂದಾಳಿನ ಜಾಗದಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ನಿನ್ನ ಪಾಸ್‌ಪೋರ್ಟಿನ ನಕಲನ್ನು ಅತ್ತಿಗೆ ಆಗಲೇ ಕಳಿಸಿದ್ದಾರೆ, ಅವರ ಮೇಲೆ ಕೂಗಾಡಬೇಡ. ಬರುವುದಿಲ್ಲ ಎನ್ನುವುದಾದರೆ ಈ ಕಾಗದ ತಲುಪಿದ ನಾಲ್ಕು ದಿನದೊಳಗೆ ನೀನೇ ಇಲ್ಲಿಯ ಭಾಷಾ ಶಾಲೆಗೆ ಫೋನ್ ಮಾಡಿ ಹೇಳಬೇಕು. ಆದರೆ ಆ ಕಚೇರಿಯಲ್ಲಿರುವವರಿಗೆ ಈ ಭಾಷೆ ಬಿಟ್ಟು ಬೇರೆ ಯಾವುದೂ ಬರುವುದಿಲ್ಲ! ಪುಸ್ತಕವನ್ನು ಮನೆಯೊಡತಿ ಇಟ್ಟುಕೊಂಡಿದ್ದಾಳೆ, ಬರೆದವನ ಕೈಗೇ ಕೊಡುತ್ತಾಳಂತೆ. ನೀನು ಮೂರನೆಯ ಮಹಡಿ ಹತ್ತಿ ಗಂಟೆ ಒತ್ತಿದಾಗ ಬಾಗಿಲು ತೆರೆದು ಆಕೆ ಏನೋ ಒಂದು ಹೇಳುತ್ತಾಳೆ. ಅದು ನಿನ್ನ ಪುಸ್ತಕದಲ್ಲಿಲ್ಲ. ಏನೆಂದು ನನಗೆ ಗೊತ್ತು, ಆದರೆ ನಾನು ಎತ್ತಿಕೊಡುವುದಿಲ್ಲ. ಈ ಸಲ ಪರದೆಯ ಹಿಂದೆ ಯಾರೂ ಇಲ್ಲ ಅಣ್ಣಾ. ಬಾ. ಒಳಗೆ ಬಂದ ಮೇಲೆ ಬಾಗಿಲು ಮಾತ್ರ ಹಾಕು, ಚಳಿ.