ಕುಂಬಳ ಕೊಳೆತದ್ದು ನಿಮ್ಮ ಬೆರಳಿನಿಂದಲ್ಲ

ಅತ್ತೆ,

ನಿಮ್ಮ ಸೊಸೆ ಸುಮಿತ್ರ ಬರೆಯುತ್ತಿದ್ದೇನೆ. ಎದುರಿಗಿದ್ದಾಗ ಮಾತಿಗೆ ಎರಡು ಮಾತು ಕೊಡುತ್ತಿದ್ದವಳು ಈಗ ಕಾಗದ ಹಿಡಿದು ಕೂತಿದ್ದಾಳೆ ಎಂದರೆ ನೀವು ನಗುತ್ತೀರೇನೋ. ನಗಿ. ಆದರೆ ಪೂರ್ತಿ ಓದಿ. ನಿಮಗೆ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡ ವಿಷಯ ಒಂದಿದೆ, ಆ ದೊಡ್ಡ ಕುಂಬಳದ್ದು.

ನಾನು ಮದುವೆಯಾಗಿ ಮೇಗುಂದಕ್ಕೆ ಬಂದ ವರ್ಷ, ನೀವು ಹಿತ್ತಲಿನ ಬಳ್ಳಿಯಿಂದ ಹೀಚುಗಳನ್ನು ಚಿವುಟಿ ಎಸೆಯುವುದನ್ನು ನೋಡಿ ತಡೆಯಲಾಗಲಿಲ್ಲ. "ಎಂತಕ್ಕೆ ಅತ್ತೆ, ಪಾಪ, ಎಲ್ಲ ಹಾಳು ಮಾಡ್ತೀರಿ?" ಎಂದೆ. "ಬಳ್ಳಿಗೆ ಒಂದೇ ಬಿಡಬೇಕು ಮಾರಾಯ್ತಿ. ಆ ಒಂದು ಕೇರಿಗೆಲ್ಲ ಆಗ್ತದೆ, ನೋಡ್ತಿರು," ಎಂದಿರಿ. ಆಗಿಯೇ ಆಯಿತಲ್ಲ! ಭೂಮಿ ಹುಣ್ಣಿಮೆಗೆ ನಮ್ಮ ಕೇರಿಯ ಯಾವ ಮನೆಯವರೂ ಕಡುಬಿಗೆ ಕುಂಬಳ ಕೊಳ್ಳುತ್ತಿರಲಿಲ್ಲ. ಇಬ್ಬರು ಹೊತ್ತು ತರುತ್ತಿದ್ದ ನಿಮ್ಮ ಕಾಯಿ ಅಂಗಳದಲ್ಲಿ ಹೋಳಾಗಿ ಮನೆಮನೆಗೆ ಹೋಗುತ್ತಿತ್ತು. ವರ್ಷವಿಡೀ ಬೇರೆಯವರ ತೋಟದಲ್ಲಿ ಕೂಲಿ ಮಾಡುತ್ತಿದ್ದ ನೀವು ಆ ದಿನ ಮಾತ್ರ ಯಜಮಾನಿತಿಯ ಹಾಗೆ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದಿರಿ.

ನೀವು ಜಾರಿಬಿದ್ದು ಸೊಂಟ ಹಿಡಿದುಕೊಂಡ ಮಳೆಗಾಲ ನೆನಪಿದೆಯೇ? ಮಳೆ ಎಂದರೆ ಅದೆಂಥ ಮಳೆ! ಮಘೆ ಮುಗಿದರೂ ಬಿಡುವಿಲ್ಲ, ಹಿತ್ತಲಲ್ಲಿ ಒಂದು ಜೇನ್ನೊಣವಿಲ್ಲ. ನೀವು ಜಗಲಿಯಲ್ಲಿ ಕೂತು ಹುಕುಂ ಹೊರಡಿಸುತ್ತಿದ್ದಿರಿ. ನಾಳೆ ಅರಳುವ ಗಂಡುಹೂವಿನ ಬಾಯಿಗೆ ಇವತ್ತು ಸಂಜೆಯೇ ನೂಲು ಕಟ್ಟು, ಒಳಗೆ ನೀರು ಹೋಗಬಾರದು. ಬೆಳಿಗ್ಗೆ ಕೊಡೆ ಹಿಡಿದು ಅದನ್ನು ಹೆಣ್ಣುಹೂವಿಗೆ ಮುಟ್ಟಿಸು. ಕಾಯಿ ಕಚ್ಚಿದ ಮೇಲೆ ಅಡಿಗೆ ಅಡಿಕೆ ಹಾಳೆ, ಮೇಲೆ ಟಾರ್ಪಾಲು, ಸುತ್ತ ನೀರು ಹರಿದುಹೋಗಲು ಕಾಲುವೆ. ಗೊಣಗುತ್ತಲೇ ಎಲ್ಲ ಮಾಡಿದೆ. ಹಬ್ಬಕ್ಕೆ ಹದಿನೈದು ದಿನ ಇರುವಾಗ ಕಾಯಿ ನನ್ನ ತೆಕ್ಕೆಗೆ ಸಿಗದಷ್ಟು ದೊಡ್ಡದಾಗಿತ್ತು.

ಆಗಲೇ ಅಲ್ಲವೇ ನಿಮ್ಮನ್ನು ಕುರ್ಚಿ ಸಮೇತ ಹಿತ್ತಲಿಗೆ ಎತ್ತಿಕೊಂಡು ಹೋದದ್ದು? "ಅಯ್ಯಯ್ಯೋ, ಅದರ ಹೊಟ್ಟೆ ನೋಡೇ!" ಎಂದು ತೋರುಬೆರಳು ನೀಡಿಬಿಟ್ಟಿರಿ. ಮರುಕ್ಷಣ ಬೆರಳು ಮಡಚಿಕೊಂಡಿರಿ, ಮುಖ ಸಣ್ಣದಾಯಿತು. ಎಳೆಗಾಯಿಗೆ ಬೆರಳು ನೀಡಿ ತೋರಿಸಿದರೆ ಕೊಳೆಯುತ್ತದೆ ಎಂದು ಕೇರಿಯ ಮಕ್ಕಳ ಕೈಗೆ ಹೊಡೆಯುತ್ತಿದ್ದವರು ನೀವೇ ಆಗಿದ್ದಿರಿ.

ವಾರದೊಳಗೆ ಕಾಯಿ ಅಡಿಯಿಂದ ಮೆತ್ತಗಾಯಿತು. "ನನ್ನ ಬೆರಳೇ ಕಣೆ ಸುಮಿತ್ರ, ನನ್ನ ಹಾಳು ಬೆರಳು," ಎಂದು ಅತ್ತಿರಿ. ನಾನು ಏನು ಹೇಳಿದೆ? "ಹೋಗ್ಲಿ ಬಿಡಿ ಅತ್ತೆ, ಖುಷೀಲಿ ತೋರಿಸಿದ್ರಿ, ಬೇಕಂತ ಅಲ್ವಲ್ಲ." ಥೂ ನನ್ನ ಬಾಯಿಗೆ! ನಿಮ್ಮನ್ನು ಕ್ಷಮಿಸಿದವಳು ನಾನು! ಆ ಹುಣ್ಣಿಮೆಗೆ ಕೇರಿಯವರು ಕೊಪ್ಪದ ಸಂತೆಯಿಂದ ಕುಂಬಳ ತಂದರು. ನೀವು ಹೊರಗೇ ಬರಲಿಲ್ಲ.

ನಡೆದದ್ದು ಇಷ್ಟು. ನೀವು ಬೆರಳು ತೋರಿಸಿದ ಮರುದಿನ ನಾನು ಶೃಂಗೇರಿಯ ತಂಗಿ ಮನೆಗೆ ಹೊರಟಿದ್ದೆ. ಮುಡಿಯಲು ಹೂ ಕೊಯ್ಯಲು ಹಿತ್ತಲಿಗೆ ಹೋದರೆ ಕಾಲುವೆ ಕುಸಿದು ಕಾಯಿಯ ಅಡಿ ನೀರು ನಿಂತಿತ್ತು. ಹಾರೆ ತಂದು ಬಿಡಿಸಿದ್ದರೆ ಅರ್ಧ ಗಂಟೆಯ ಕೆಲಸ. ಹೊಸ ಸೀರೆ ಉಟ್ಟಿದ್ದೆ, ಬಸ್ಸಿನ ಹೊತ್ತಾಗಿತ್ತು... ಜಗಲಿಯಿಂದ ನೀವು "ಕಾಲುವೆ ನೋಡಿದ್ಯೇನೆ?" ಎಂದಿರಿ. "ಹ್ಞೂಂ, ಸರಿ ಇದೆ," ಎಂದೆ. ನನ್ನ ಮಾತು ನಂಬಿ ನೀವು ನಿಮ್ಮ ಮಗನನ್ನೂ ಆ ಕಡೆ ಕಳಿಸಲಿಲ್ಲ. ನಾನು ಮೂರು ದಿನ ಬಿಟ್ಟು ಬಂದೆ. ಮೂರು ದಿನವೂ ಕಾಯಿ ನೀರಲ್ಲೇ ಕೂತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ದೀಪಾವಳಿಗೆ ನಿಮ್ಮ ಮಗಳು ವಿಮಲ ನರಸಿಂಹರಾಜಪುರದಿಂದ ತನ್ನ ಎರಡನೇ ಕೂಸನ್ನು ತೋರಿಸಲು ಬಂದಳು. "ಎತ್ಕೊ ಅಮ್ಮ," ಎಂದು ನೀಡಿದಳು. "ಸೊಂಟ ನೋವು, ಬೇಡ," ಎಂದು ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡಿರಿ. ಆಮೇಲೆ ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿದಿರಿ: "ನನ್ನ ಕೈ ಒಳ್ಳೇದಲ್ಲ ಕಣೆ. ಎಳೆ ಜೀವ, ನಾನು ಮುಟ್ಟೋದಿಲ್ಲ." ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಒಲೆ ಊದುತ್ತಾ ಕೂತೆ. ಮುಂದಿನ ಮಳೆ ಹಿಡಿಯುವ ಮೊದಲೇ ನೀವು ಕಣ್ಣು ಮುಚ್ಚಿದಿರಿ, ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಳ್ಳದೆ.

ಈ ವರ್ಷವೂ ಅದೇ ಹಾಳು ಮಳೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಾಲುವೆ ಬಿಡಿಸಿದೆ. ಕಾಯಿ ಬಂತು ಅತ್ತೆ, ದೊಡ್ಡದೇ ಬಂತು. ಮೊನ್ನೆ ಹುಣ್ಣಿಮೆಗೆ ಕೇರಿಗೆಲ್ಲ ಹಂಚಿದೆ. ವಿಮಲಳನ್ನು ಹಟ ಮಾಡಿ ಕರೆಸಿ, ಹೋಳು ಮಾಡುತ್ತಾ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ.

"ಎರಡನೇದೂ ಹೆಣ್ಣಾಯ್ತು ಅಂತ ಅಮ್ಮಂಗೆ ಬೇಜಾರು ಅಂದ್ಕೊಂಡಿದ್ದೆ ಅತ್ತಿಗೆ," ಎಂದಳು. "ಅದಕ್ಕೇ ಎತ್ಕೊಳ್ಳಿಲ್ಲ ಅಂತ. ಅದಕ್ಕೇ ನಾನು ಮತ್ತೆ ಬರ್ಲೇ ಇಲ್ಲ."

ಆ ಬೇಸಿಗೆಯುದ್ದಕ್ಕೂ ಬಸ್ಸಿನ ಸದ್ದಾದಾಗಲೆಲ್ಲ "ವಿಮಲ ಯಾಕೆ ಬರೋದಿಲ್ಲ ಮಾರಾಯ್ತಿ?" ಎಂದು ನನ್ನನ್ನೇ ಕೇಳುತ್ತಿದ್ದಿರಲ್ಲ ಅತ್ತೆ, ಅದಕ್ಕೆ ಉತ್ತರ ಇದು.

ನಿಮ್ಮ ಸುಮಿತ್ರ